ತಂದು ಬಿಟ್ಟ ಮೃಗ

ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನು ಸೃಷ್ಟಿಸಿ ಬಿಟ್ಟ ಮೃಗಗಳು ನಾಡಿನ ಬೆಳೆಯನ್ನು ಹಾಳುಗೆಡಹುತ್ತವೆ. ಪ್ರಜೆಗಳ ಮೊರೆ ಕೇಳಿ ಅರಸು ಬೇಟೆಗೆ ಹೊರಡುತ್ತಾನೆ. ಈ ಭಾಗವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬ, "ಇದರಲ್ಲಿ ಮೃಗಗಳ ತಪ್ಪೇನು, ಸಾರ್?" ಎಂದು ಕೇಳಿದ. ಆಗ ನನಗೆ ನೆನಪಾದುದು ನ್ಯೂಜಿಲೆಂಡಿನ ಜಿಂಕೆಗಳ ಕಥೆ.

ಬಾವಲಿಯ ಹೊರತು ನೆಲದ ಮೇಲೆ ಬೇರೆ ಸ್ತನಿಯೇ ಇಲ್ಲದಿದ್ದ ದ್ವೀಪಗಳವು. ಇಂಗ್ಲೆಂಡಿನಲ್ಲಿ ಜಿಂಕೆಯ ಬೇಟೆ ಶ್ರೀಮಂತ ಜಮೀನ್ದಾರರ ಸೊತ್ತು. ವಲಸೆ ಬಂದ ಸಾಮಾನ್ಯರಿಗೆ ಆ ಭೋಗ ಹೊಸ ನಾಡಿನಲ್ಲಾದರೂ ದೊರೆಯಲಿ ಎಂಬ ಆಸೆ. ಆ ಆಸೆಯನ್ನು ನಾನು ಹಳಿಯಲಾರೆ. 1851ರಿಂದ ಕೆಂಪು ಜಿಂಕೆಗಳು ಹಡಗೇರಿ ಬಂದವು. ಸಿಂಹಳದಿಂದ ಕಡವೆ ಬಂದಿತು; 1904ರಲ್ಲಿ ಹಿಮಾಲಯದ ತಾಹ್ರ್ ಆಡು; 1905ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಕಾಣಿಕೆಯಾಗಿ ವಾಪಿಟಿ. ಕಾನೂನು ಅವಕ್ಕೆ ರಕ್ಷೆಯಿತ್ತಿತು. ಹಿಂದೆ ಹುಲಿಯಿಲ್ಲ, ತೋಳವಿಲ್ಲ. ಮುಂದೆ ತೀರದ ಹಸುರು. ಸಂತತಿ ಬೆಳೆಯದೆ ಇದ್ದೀತೆ?

ಕಾಡಿನ ಎಳೆಯ ಸಸಿಗಳು ತಲೆಯೆತ್ತದಾದವು. 1930ರಲ್ಲಿ ರಕ್ಷಣೆ ತೆಗೆಯಲ್ಪಟ್ಟಿತು; ಮರುವರುಷದಿಂದ ಕ್ಯಾಪ್ಟನ್ ಯೆರೆಕ್ಸ್ ಎಂಬವರ ಮೇಲ್ವಿಚಾರಣೆಯಲ್ಲಿ ಸರ್ಕಾರವೇ ಸಂಬಳದ ಬೇಟೆಗಾರರನ್ನು ಬೆಟ್ಟಕ್ಕಟ್ಟಿತು. ಬಯಲಿನ ನೆರೆಗೂ ಬೆಟ್ಟದ ಮಣ್ಣು ಕೊಚ್ಚಿಹೋಗುವುದಕ್ಕೂ ಜಿಂಕೆಯೇ ಕಾರಣವೆಂದು ಆಗ ದೂರಿದರು. ಇದರಲ್ಲಿ ಬಹುಪಾಲು ಅಲ್ಲಿನ ಎಳೆಯ ಬೆಟ್ಟಗಳ, ಮಳೆಯ ಸ್ವಭಾವವೆಂದು ಮುಂದಿನ ಸಂಶೋಧಕರು ಕಂಡರು. ಹಾಗೆಂದು ಜಿಂಕೆ ನಿರಪಾಯವೆನ್ನಲಾಗದು: ಅಳಿದುಹೋಯಿತೆಂದಿದ್ದು 1948ರಲ್ಲಿ ಮತ್ತೆ ಕಾಣಿಸಿದ ಟಾಕಹೆ ಎಂಬ ಹಾರಲಾರದ ಹಕ್ಕಿಗೆ ಆಧಾರವಾದ ಮಲೆಯ ಹುಲ್ಲನ್ನೇ ಅದು ಮೇಯುತ್ತಿತ್ತು. ನಿಯಂತ್ರಣ ಬೇಡವೆನ್ನುವವರು ಆ ಹಕ್ಕಿಗೆ ಏನು ಹೇಳುತ್ತಾರೋ!

ದಶಕಗಳ ಸರ್ಕಾರಿ ಗುಂಡು ಮಾಡಲಾರದುದನ್ನು ಮಾಂಸದ ಬೆಲೆ ಮಾಡಿತು. 1960ರ ದಶಕದಲ್ಲಿ ವ್ಯಾಪಾರಿಗಳು ಹೆಲಿಕಾಪ್ಟರಿನಿಂದ ಬೇಟೆಯಾಡತೊಡಗಿದರು. ಜಿಂಕೆಗಳು ವೇಗವಾಗಿ ಕಡಮೆಯಾದವು. 1969ರಲ್ಲಿ ಜಿಂಕೆಯ ಸಾಕಣೆಗೆ ಪರವಾನಗಿ ದೊರೆಯಿತು. ಮೊದಲು ಕೊಂದು ಕೆಡವುತ್ತಿದ್ದವರೇ ಈಗ ಬಲೆಯೆಸೆದು ಜೀವಸಹಿತ ಹಿಡಿಯಲು ಹಾರಿದರು.

ಭಾಷೆಯ ಮೇಷ್ಟರಾದ ನನ್ನ ಕಣ್ಣು ಕಾನೂನುಗಳ ಹೆಸರಿನ ಮೇಲೆ ನಿಲ್ಲುತ್ತದೆ. 1956ರ ಕಾಯಿದೆಯಲ್ಲಿ ಅದು 'ಉಪದ್ರವಿ ಪ್ರಾಣಿ', 1977ರದರಲ್ಲಿ 'ಕಾಡುಪ್ರಾಣಿ', 2013ರದರಲ್ಲಿ 'ಬೇಟೆಯ ಪ್ರಾಣಿ'. ಜಿಂಕೆ ಮಾತ್ರ ಮೊದಲಿನಂತೆಯೇ ಹುಲ್ಲು ಮೇಯುತ್ತಿದೆ.