ಜೂಲಿಯಾಗೆ ಎರಡು ಶನಿವಾರ ಕೊಡಿ

ಈ ವರ್ಷ ನಮ್ಮ ಕಂಪ್ಯೂಟರ್ ಕ್ಲಬ್ಬಿಗೆ ಎಂಟು ಶನಿವಾರ ಸಿಕ್ಕಿವೆ. ಪ್ರಥಮ ಪಿಯುಸಿಯವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವ ಕೆಲಸ ದ್ವಿತೀಯ ಪಿಯುಸಿಯ ನಮ್ಮ ಮೂವರದು. ಎಂಟೂ ವಾರ ಪೈಥಾನ್ ಎಂದು ಸಭೆಯಲ್ಲಿ ಮಾತಾಯಿತು. ನಾನು ಎದ್ದು, ‘ಎರಡು ವಾರ ಜೂಲಿಯಾಗೆ ಕೊಡೋಣ’ ಅಂದೆ. ‘ಜೂಲಿಯಾ ಯಾರು?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ತೀರ್ಮಾನ ಮುಂದಿನ ಸಭೆಗೆ ಹೋಯಿತು. ಅಲ್ಲಿ ಹೇಳಲು ಆಗದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೂಲಿಯಾ ಒಂದು ಪ್ರೋಗ್ರಾಮಿಂಗ್ ಭಾಷೆ. ಜೆಫ್ ಬೆಜಾನ್ಸನ್, ಸ್ಟೀಫನ್ ಕಾರ್ಪಿನ್‌ಸ್ಕಿ, ವಿರಲ್ ಶಾ ಮತ್ತು ಎಂಐಟಿಯ ಪ್ರಾಧ್ಯಾಪಕ ಅಲನ್ ಎಡೆಲ್ಮನ್ ಅದನ್ನು 2009ರಲ್ಲಿ ಆರಂಭಿಸಿ, 2012ರ ಫೆಬ್ರವರಿಯಲ್ಲಿ ಎಲ್ಲರ ಮುಂದಿಟ್ಟರು. ಹಣ ಕೊಡಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು. ಇವರಲ್ಲಿ ವಿರಲ್ ಶಾ ಆಧಾರ್ ಯೋಜನೆಯಲ್ಲಿ ದುಡಿದವರು. ಬೆಂಗಳೂರಿನ ನಂದನ್ ನಿಲೇಕಣಿಯವರ ಜೊತೆ ‘ರೀಬೂಟಿಂಗ್ ಇಂಡಿಯಾ’ ಪುಸ್ತಕ ಬರೆದವರೂ ಅವರೇ.

ಇರುವ ಭಾಷೆಗಳು ಸಾಲದೆ ಇನ್ನೊಂದು ಯಾಕೆ ಬೇಕಾಯಿತು? ವಿಜ್ಞಾನಿಗಳು ಮೊದಲು ಪೈಥಾನ್, ಮ್ಯಾಟ್‌ಲ್ಯಾಬ್‌ನಂಥ ಸುಲಭ ಭಾಷೆಯಲ್ಲಿ ಲೆಕ್ಕ ಬರೆಯುತ್ತಾರೆ. ಲೆಕ್ಕ ದೊಡ್ಡದಾದಾಗ ಅದು ನಿಧಾನವಾಗುತ್ತದೆ. ಆಗ ಅದನ್ನೇ ಸಿ ಅಥವಾ ಫೋರ್ಟ್ರಾನ್‌ನಲ್ಲಿ ಮತ್ತೆ ಬರೆಯಬೇಕು. ಅಂದರೆ ಒಂದೇ ಕೆಲಸಕ್ಕೆ ಎರಡು ಸಲ ಬೆವರು. ಪೈಥಾನ್‌ನ ನಂಪೈ ವೇಗವಾಗಿ ಓಡುವುದೂ ಅದರ ಒಳಗೆ ಸಿ ಇರುವುದರಿಂದಲೇ. ಜೂಲಿಯಾ ಒಂದು ಫಂಕ್ಷನ್ನನ್ನು ಮೊದಲ ಸಲ ಕರೆದಾಗ, ಒಳಗೆ ಬಂದದ್ದು ಪೂರ್ಣಾಂಕವೋ ದಶಮಾಂಶವೋ ಎಂದು ನೋಡಿಕೊಂಡು, ಅದಕ್ಕೆ ತಕ್ಕ ಯಂತ್ರಭಾಷೆಯನ್ನು ಆಗಲೇ ಸಿದ್ಧಪಡಿಸಿಕೊಳ್ಳುತ್ತದೆ. ಬರೆಯಲು ಪೈಥಾನ್‌ನಷ್ಟು ಸುಲಭ, ಚೆನ್ನಾಗಿ ಬರೆದರೆ ಓಟ ಸಿ ಭಾಷೆಯ ಹತ್ತಿರಕ್ಕೆ ಬರುತ್ತದೆ. 2017ರಲ್ಲಿ ಸೆಲೆಸ್ಟ್ ಎಂಬ ಖಗೋಳ ಯೋಜನೆಯವರು ಇದನ್ನು ಸೂಪರ್ ಕಂಪ್ಯೂಟರಿನಲ್ಲಿ ಓಡಿಸಿ, 18.8 ಕೋಟಿ ನಕ್ಷತ್ರ ಮತ್ತು ಗೆಲಾಕ್ಸಿಗಳ ಪಟ್ಟಿಯನ್ನು ಹದಿನೈದು ನಿಮಿಷದೊಳಗೆ ಮಾಡಿ ಮುಗಿಸಿದರು.

ಸೂಪರ್ ಕಂಪ್ಯೂಟರ್ ನಮ್ಮ ಲ್ಯಾಬಿನಲ್ಲಿಲ್ಲ. ನನಗೆ ಜೂಲಿಯಾ ಇಷ್ಟವಾದದ್ದು ಗಣಿತದ ನೋಟ್‌ಬುಕ್ಕಿನಿಂದ. ಮ್ಯಾಟ್ರಿಕ್ಸ್‌ನ ಮೊದಲ ಸಾಲು ನಮಗೆ ಒಂದನೆಯದು. ಪೈಥಾನ್‌ಗೆ ಅದು ಸೊನ್ನೆಯದು. ಈ ಸೊನ್ನೆಯಿಂದ ಲ್ಯಾಬ್ ಟೆಸ್ಟಿನಲ್ಲಿ ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬಳು. ಜೂಲಿಯಾ ಒಂದರಿಂದಲೇ ಎಣಿಸುತ್ತದೆ. ಮೂರು ಸಮೀಕರಣಗಳನ್ನು ಮ್ಯಾಟ್ರಿಕ್ಸ್ ವಿಧಾನದಲ್ಲಿ ಬಿಡಿಸುತ್ತೇವಲ್ಲ, ಅಲ್ಲಿ ಎರಡು ಮ್ಯಾಟ್ರಿಕ್ಸ್ ಕೊಟ್ಟು ನಡುವೆ ಒಂದು ಓರೆಗೆರೆ ಹಾಕಿದರೆ ಉತ್ತರ ಬರುತ್ತದೆ. ಮನೆಪಾಠದ ಉತ್ತರ ಸರಿಯೇ ಎಂದು ನೋಡಲು ನಾನು ಅದನ್ನೇ ಬಳಸುತ್ತೇನೆ. (ಗಣಿತದ ಸರ್ ಇದನ್ನು ಓದಿದರೆ: ಮೊದಲು ಕೈಯಲ್ಲೇ ಬಿಡಿಸುತ್ತೇನೆ, ಸರ್.) ಇನ್ನೊಂದು ಚಿಕ್ಕ ಖುಷಿ. ‘ಬೆಲೆ = 40’ ಎಂದು ಕನ್ನಡದಲ್ಲೇ ಬರೆದು, ಮುಂದಿನ ಸಾಲಿನಲ್ಲಿ ‘3ಬೆಲೆ’ ಎಂದರೆ 120 ಎನ್ನುತ್ತದೆ. ಕನ್ನಡದ ಹೆಸರನ್ನು ಪೈಥಾನ್ ಕೂಡ ಒಪ್ಪುತ್ತದೆ, ಆದರೆ ಗುಣಾಕಾರದ ಗುರುತು ಹಾಕದಿದ್ದರೆ ತಪ್ಪು ಎನ್ನುತ್ತದೆ.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಯಾಕೆ ಬಳಸುವುದಿಲ್ಲ? ಇಂಜಿನಿಯರಿಂಗ್ ಓದುತ್ತಿರುವ ನನ್ನ ಭಾಯಿ ಕೇಳಿದ್ದೂ ಇದನ್ನೇ, ಇನ್ನೂ ನೇರವಾಗಿ: ‘ಕೆಲಸ ಕೊಡುವವರು ಇದನ್ನು ಕೇಳ್ತಾರಾ?’ ನಾನು ಒಂದಷ್ಟು ಕೆಲಸದ ಜಾಹೀರಾತು ಹುಡುಕಿದೆ. ಪೈಥಾನ್, ಜಾವಾ ಎಲ್ಲೆಲ್ಲೂ ಇದ್ದವು. ಜೂಲಿಯಾ ಅಲ್ಲೊಂದು ಇಲ್ಲೊಂದು. ಅವನ ಮಾತನ್ನು ತಳ್ಳಿಹಾಕಲಾರೆ.

ಒಂದು ಭಾಷೆ ಹರಡುವುದು ಅದರ ಗುಣದಿಂದ ಮಾತ್ರವಲ್ಲ. ಅದಕ್ಕೆ ಸರಿಯಾದ ಹೊತ್ತೂ ಕೂಡಿಬರಬೇಕು. ರೂಬಿ ಎಂಬ ಭಾಷೆ ಜಪಾನಿನಲ್ಲಿ 1995ರಲ್ಲಿ ಬಂತು. ಹೊರಗಿನವರು ದೊಡ್ಡ ಸಂಖ್ಯೆಯಲ್ಲಿ ಅದನ್ನು ಹಿಡಿದದ್ದು 2004ರಲ್ಲಿ ರೇಲ್ಸ್ ಬಂದು, ವೆಬ್‌ಸೈಟ್ ಕಟ್ಟುವುದು ಸುಲಭವಾದ ಮೇಲೆ. ಪೈಥಾನ್ ಇನ್ನೂ ಹಳೆಯದು, 1991ರದು. ಕೃತಕ ಬುದ್ಧಿಮತ್ತೆಯ ಅಲೆ ಎದ್ದಾಗ ಅದರ ಬಳಿ ನಂಪೈ ಆಗಲೇ ಇತ್ತು. 2015ರಲ್ಲಿ ಗೂಗಲ್ ಟೆನ್ಸರ್‌ಫ್ಲೋ ಬಿಟ್ಟದ್ದೂ ಪೈಥಾನ್ ಬಳಸುವವರಿಗಾಗಿಯೇ. ಜೂಲಿಯಾದ 1.0 ಆವೃತ್ತಿ ಬಂದದ್ದು 2018ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಬಸ್ಸು ನಿಲ್ದಾಣ ಬಿಟ್ಟಾಗಿತ್ತು. ಜೊತೆಗೆ ಪೈಥಾನ್‌ನವರೂ ಸುಮ್ಮನೆ ಕೂತಿಲ್ಲ. ನಂಬಾದಂಥ ಸಲಕರಣೆಗಳಿಂದ ತಮ್ಮ ಭಾಷೆಯ ವೇಗ ಹೆಚ್ಚಿಸಿಕೊಳ್ಳುತ್ತಿದ್ದಾರೆ.

ಜೂಲಿಯಾದ ತಪ್ಪೂ ಇದೆ. ಮೊದಲ ಸಲ ಏನನ್ನಾದರೂ ಓಡಿಸಿದಾಗ ಅದು ಯಂತ್ರಭಾಷೆ ಸಿದ್ಧಪಡಿಸುತ್ತಾ ಕಾಯಿಸುತ್ತದೆ. ನಮ್ಮ ಲ್ಯಾಬಿನ ಹಳೆಯ ಯಂತ್ರದಲ್ಲಿ ಒಂದು ಗ್ರಾಫ್ ಬಿಡಿಸಲು ಹೇಳಿ, ನಾನು ನೀರು ಕುಡಿದು ಬಂದರೂ ಅದು ಯೋಚಿಸುತ್ತಲೇ ಇತ್ತು. 2023ರ 1.9 ಆವೃತ್ತಿಯಿಂದ ಈ ಕಾಯುವಿಕೆ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹೊಸಬರ ಮನಸ್ಸು ಮುರಿಯಲು ಅಷ್ಟು ಸಾಕು.

ಹಾಗಾಗಿ ನನ್ನ ಅಂದಾಜು ಹೀಗಿದೆ: ಜೂಲಿಯಾ ಪೈಥಾನ್‌ನ ಜಾಗಕ್ಕೆ ಬರುವುದಿಲ್ಲ. ಆದರೆ ಭಾರೀ ಲೆಕ್ಕ ಇರುವ ಕಡೆ ಅದು ಆಗಲೇ ಬೇರು ಬಿಟ್ಟಿದೆ, ಅಲ್ಲಿಂದ ಅದನ್ನು ಕೀಳುವುದೂ ಕಷ್ಟ. ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕ್ 2015ರಲ್ಲೇ ತನ್ನ ಆರ್ಥಿಕ ಮಾದರಿಯನ್ನು ಮ್ಯಾಟ್‌ಲ್ಯಾಬ್‌ನಿಂದ ಜೂಲಿಯಾಗೆ ಬದಲಾಯಿಸಿತು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನ ಹವಾಮಾನ ಮಾದರಿಯನ್ನು ಬರೆಯುತ್ತಿರುವುದೂ ಇದರಲ್ಲೇ. ಪೈಥಾನ್‌ನವರೆಲ್ಲ ಬಳಸುವ ಜುಪಿಟರ್ ನೋಟ್‌ಬುಕ್ಕಿನ ಹೆಸರಿನಲ್ಲಿ ‘ಜು’ ಎಂಬುದು ಜೂಲಿಯಾದ್ದೇ, ಉಳಿದದ್ದು ಪೈಥಾನ್ ಮತ್ತು ಆರ್.

ಒಳ್ಳೆಯ ಬರವಣಿಗೆ ಕೂಡ ತಡವಾಗಿ ಗೆಲ್ಲುತ್ತದೆ ಎಂಬುದಕ್ಕೆ ನಾವು ಬರೆಯುವ ಅಂಕಿಗಳೇ ಸಾಕ್ಷಿ. ಭಾರತದ ಅಂಕಿಗಳ ಬಗ್ಗೆ ಅಲ್ ಖ್ವಾರಿಜ್ಮಿ ಬಾಗ್ದಾದಿನಲ್ಲಿ ಬರೆದದ್ದು ಒಂಬತ್ತನೆಯ ಶತಮಾನದಲ್ಲಿ. ಇಟಲಿಯ ಫ್ಲಾರೆನ್ಸ್‌ನ ಹಣ ವಿನಿಮಯಗಾರರ ಸಂಘ ಆ ಅಂಕಿಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಾರದೆಂದು ನಿಷೇಧಿಸಿದ್ದು 1299ರಲ್ಲಿ!

ನಮ್ಮಲ್ಲಿ ಒಂದು ಭಾಷೆ ಹರಡಲು ಬಹುಪಾಲು ಪಠ್ಯಪುಸ್ತಕವೇ ಕಾರಣ. ನಮಗಿಂತ ಹಿರಿಯರು ಪ್ರಾಯೋಗಿಕ ಪರೀಕ್ಷೆಗೆ ಸಿ ಪ್ಲಸ್ ಪ್ಲಸ್ ಬರೆದರು, ನಮ್ಮ ಕೈಗೆ ಪೈಥಾನ್ ಬಂತು. ಕೆಲವು ಹಿರಿಯರು ‘ನಾವು ಕಲಿತದ್ದು ಹಳೆಯದಾಯಿತಲ್ಲ’ ಎಂದು ಬೇಸರಪಟ್ಟದ್ದನ್ನು ಕೇಳಿದ್ದೇನೆ. ಲೂಪ್ ಏನೆಂದು ಗೊತ್ತಿದ್ದವರಿಗೆ ಅಷ್ಟು ತೊಂದರೆಯಾಗಲಿಲ್ಲ. ಪ್ರೋಗ್ರಾಮ್ ಬಾಯಿಪಾಠ ಮಾಡಿದ್ದವರಿಗೆ ಆಯಿತು. ನಾನು ಎರಡನೆಯ ಭಾಷೆ ಕೇಳುತ್ತಿರುವುದು ಇದಕ್ಕಾಗಿ. ಎರಡು ಭಾಷೆ ಪಕ್ಕಪಕ್ಕ ನೋಡಿದ ಮೇಲೆಯೇ ಯಾವುದು ಗಣಿತ, ಯಾವುದು ಬರಿಯ ಪೈಥಾನ್‌ನ ರೂಢಿ ಎಂದು ನನಗೆ ತಿಳಿದದ್ದು.

ಸಭೆಯಲ್ಲಿ ಒಬ್ಬಳು ಗೆಳತಿ ಹೇಳಿದ ಮಾತು ಮಾತ್ರ ನನ್ನನ್ನು ಕಾಡುತ್ತಿದೆ. ‘ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಈ ಎಂಟು ಶನಿವಾರವೇ ಎಲ್ಲ. ಅದರಲ್ಲಿ ಎರಡನ್ನು ನಿನ್ನ ಇಷ್ಟಕ್ಕೆ ತೆಗೆದುಕೊಳ್ಳುತ್ತೀಯಾ?’ ಅವಳ ಮಾತಿಗೆ ಅಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿ ನನ್ನ ಬೇಡಿಕೆಯನ್ನು ಬದಲಾಯಿಸಿದ್ದೇನೆ. ಮೊದಲ ಆರು ವಾರ ಪೈಥಾನ್ ಮಾತ್ರ ಇರಲಿ. ಪರೀಕ್ಷೆಗೆ ಬೇಕಾದದ್ದು ಅಷ್ಟರಲ್ಲಿ ಮುಗಿಯದಿದ್ದರೆ ಏಳನೆಯ ವಾರವೂ ಅದಕ್ಕೇ ಹೋಗಲಿ. ಮುಗಿದಿದ್ದರೆ ಉಳಿದ ಎರಡು ವಾರ, ಅವರು ಪೈಥಾನ್‌ನಲ್ಲಿ ಬರೆದ ಲೆಕ್ಕಗಳನ್ನೇ ಜೂಲಿಯಾದಲ್ಲಿ ಬರೆಯೋಣ. ಲ್ಯಾಬ್ ಮೇಡಂ ಅನುಮತಿ ಪಡೆದು, ಕಿಟಕಿ ಪಕ್ಕದ ಎರಡು ಯಂತ್ರಗಳಲ್ಲಿ ಜೂಲಿಯಾ ಹಾಕಿದ್ದೇನೆ. ಮುಂದಿನ ಸಭೆಗೆ ಮೊದಲು ಯಾರಾದರೂ ಊಟದ ಬಿಡುವಿನಲ್ಲಿ ಬಂದು ‘3ಬೆಲೆ’ ಎಂದು ಬರೆದು ನೋಡಬಹುದು. ಗ್ರಾಫ್ ಬೇಕಿದ್ದವರು ಸ್ವಲ್ಪ ಬೇಗ ಬನ್ನಿ.