ಹಳೆಯ ಟ್ರಾಕ್ಟರಿನ ಎರಡು ದೂರುಗಳು: ಗೇರಿನ ಸದ್ದು, ಎಣ್ಣೆಯ ಒತ್ತಡ

ಬೆಳ್ತಂಗಡಿ ತಾಲೂಕಿನ ವೇಣೂರಿನಿಂದ ಓದುಗರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮನೆಯಲ್ಲಿರುವುದು ಇಪ್ಪತ್ತೈದು ವರ್ಷ ದಾಟಿದ, ಇನ್ನೊಬ್ಬರ ಕೈಯಿಂದ ಕೊಂಡ ಟ್ರಾಕ್ಟರು. ಏಣೆಲು ಬೆಳೆಗೆ ಗದ್ದೆ ಕೆಸರು ಮಾಡುವಾಗ ಒಂದು ಗಂಟೆ ಕಳೆಯುತ್ತಲೇ ಎಣ್ಣೆಯ ಒತ್ತಡದ ಮುಳ್ಳು ಕೆಳಗಿಳಿಯುತ್ತದೆ. ಜೊತೆಗೆ ಆಸನದ ಕೆಳಗಿನಿಂದ ಕೊರೆಯುವಂತಹ ಸದ್ದು ಬರುತ್ತದೆ. ಎಂಜಿನ್ನು, ಗೇರುಪೆಟ್ಟಿಗೆ ಎರಡನ್ನೂ ಬಿಚ್ಚಿ ಹೊಸದು ಮಾಡಬೇಕೆಂದು ಮೇಸ್ತ್ರಿಯ ಅಭಿಪ್ರಾಯ. ಅದಕ್ಕೆ ಮನೆಯ ಬಂಗಾರವನ್ನು ಅಡವಿಡಬೇಕು. ಇಲ್ಲವಾದರೆ ಟ್ರಾಕ್ಟರನ್ನು ಗುಜರಿಯ ಬೆಲೆಗೆ ಕೊಡಬೇಕು. ಯಾವುದು ಲೇಸು ಎಂಬುದು ಅವರ ಪ್ರಶ್ನೆ.

ಪರೀಕ್ಷೆ ಮುಗಿಯುವ ಮೊದಲು ಎರಡೂ ಲೇಸಲ್ಲ ಎಂಬುದೇ ನಮ್ಮ ಉತ್ತರ. ಒಕ್ಕಲುತನದ ಮನೆಗಳಲ್ಲಿ ಇಂತಹ ಪ್ರಸಂಗ ಅಪರೂಪವಲ್ಲವಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದೆ.

ಮೊದಲು ತಿಳಿಯಬೇಕಾದದ್ದು ಇಷ್ಟು: ಮೇಲಿನವು ಎರಡು ಬೇರೆ ಬೇರೆ ದೂರುಗಳು. ಫಲಕದ ಮುಳ್ಳು ತೋರಿಸುವುದು ಎಂಜಿನ್ನಿನೊಳಗಿನ ಎಣ್ಣೆಯ ಒತ್ತಡವನ್ನು ಮಾತ್ರ. ಗೇರುಪೆಟ್ಟಿಗೆಯ ಎಣ್ಣೆ ಬೇರೆ, ಅದರ ತೊಟ್ಟಿ ಬೇರೆ; ಆ ಮುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಒಬ್ಬನೇ ರೋಗಿಗೆ ಹಲ್ಲುನೋವೂ ಕಾಲುನೋವೂ ಒಟ್ಟಿಗೆ ಬಂದಂತೆ ಇವೆರಡೂ ಒಂದೇ ದಿನ ಕಾಣಿಸಿಕೊಂಡಿರಬಹುದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದಾಗಲೇ ಖರ್ಚು ಕೈಮೀರುವುದು.

ಮುಳ್ಳು ಇಳಿದರೆ

ಓಡುತ್ತಿರುವಾಗ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಸಾಲು ಮುಗಿಸಿ ನಿಲ್ಲಿಸೋಣವೆಂಬ ಯೋಚನೆ ಕೂಡದು. ಎಣ್ಣೆಯ ಪೊರೆ ಹರಿದ ಮೇಲೆ ಬೇರಿಂಗು ಸುಟ್ಟು ಕ್ರ್ಯಾಂಕಿಗೆ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಕಾಗದು.

ಮುಳ್ಳು ಮೆಲ್ಲಗೆ ಇಳಿಯುತ್ತಿದ್ದರೆ ಅಗ್ಗದ ಪರೀಕ್ಷೆಯಿಂದ ಆರಂಭಿಸಬೇಕು. ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಹತ್ತು ನಿಮಿಷದ ನಂತರ ಅಳತೆಕಡ್ಡಿಯನ್ನು ತೆಗೆದು ನೋಡಿರಿ. ಮಟ್ಟ ಕಡಿಮೆಯಿದ್ದರೆ ಕಾರಣ ಅಲ್ಲಿಯೇ ಇದೆ. ಬೈಲು ಗದ್ದೆಯಿಂದ ಮಜಲಿಗೆ, ಮಜಲಿನಿಂದ ಬೆಟ್ಟಿಗೆ ಏರುವ ಕರಾವಳಿಯ ದಾರಿಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಎಣ್ಣೆ ಕಡಿಮೆಯಾದ ಎಂಜಿನ್ನು ಏರಿನಲ್ಲಿ ವಾಲಿದಾಗ ತೊಟ್ಟಿಯ ಎಣ್ಣೆಯೆಲ್ಲ ಒಂದು ಬದಿಗೆ ಸರಿದು, ಪಂಪಿನ ಬಾಯಿ ಗಾಳಿಯನ್ನು ಹೀರುತ್ತದೆ. ಸಮನೆಲದಲ್ಲಿ ನೆಟ್ಟಗಿರುವ ಮುಳ್ಳು ಏರಿನಲ್ಲಿ ಮಾತ್ರ ಬಿದ್ದರೆ ಮೊದಲು ಇದನ್ನೇ ಶಂಕಿಸಬೇಕು.

ಮಟ್ಟ ಹೆಚ್ಚಾಗಿದ್ದರೆ ಸಂತೋಷಪಡುವಂತಿಲ್ಲ. ತಾನಾಗಿ ಏರಿದ ಎಣ್ಣೆಯಲ್ಲಿ ಡೀಸೆಲ್ ಸೇರಿರುತ್ತದೆ, ಇಲ್ಲವೇ ನೀರು. ಕಡ್ಡಿಯ ತುದಿಯನ್ನು ಮೂಸಿ ನೋಡಿರಿ. ಬೆರಳುಗಳ ನಡುವೆ ತಿಕ್ಕಿ ನೋಡಿರಿ. ಡೀಸೆಲ್ಲಿನ ವಾಸನೆ ಬಂದು, ಎಣ್ಣೆ ನೀರಿನಂತೆ ತೆಳುವಾಗಿದ್ದರೆ ಡೀಸೆಲ್ ಎತ್ತುವ ಸಣ್ಣ ಪಂಪಿನ ಪೊರೆ ಹರಿದಿರಬಹುದು, ಅಥವಾ ಇಂಜೆಕ್ಟರು ತೊಟ್ಟಿಕ್ಕುತ್ತಿರಬಹುದು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಅದು ನೀರಿನ ಗುರುತು. ಇವೆರಡಕ್ಕೂ ಕಾರಣವನ್ನು ಸರಿಪಡಿಸಿದ ಮೇಲೆಯೇ ಹೊಸ ಎಣ್ಣೆ ಹಾಕಬೇಕು.

ಮಟ್ಟ ಸರಿ, ಎಣ್ಣೆಯೂ ಸರಿ ಎಂದಾದರೆ ಎರಡನೆಯ ಶಂಕೆ ಮಾಪಕದ ಮೇಲೆಯೇ. ಹಳೆಯ ಟ್ರಾಕ್ಟರಿನ ಮಾಪಕ ಅದುರಿ ಅದುರಿ ಸುಳ್ಳು ಹೇಳುವುದುಂಟು. ಗ್ಯಾರೇಜಿನಲ್ಲಿ ಪರೀಕ್ಷೆಗೆಂದೇ ಇರುವ, ಸರಿಯೆಂದು ಗೊತ್ತಿರುವ ಮಾಪಕವನ್ನು ಅದೇ ರಂಧ್ರಕ್ಕೆ ಕೂರಿಸಿ, ಎಂಜಿನ್ನು ಚೆನ್ನಾಗಿ ಕಾದ ಮೇಲೆ ಓದಿಕೊಳ್ಳಬೇಕು. ಈ ಪರೀಕ್ಷೆಯಿಲ್ಲದೆ ಎಂಜಿನ್ನು ಬಿಚ್ಚಲು ಒಪ್ಪಬಾರದು.

ತಣ್ಣಗಿರುವಾಗ ಎಣ್ಣೆ ದಪ್ಪ, ಒತ್ತಡ ಹೆಚ್ಚು. ಕಾದಾಗ ಎಣ್ಣೆ ತೆಳು, ಒತ್ತಡ ಕಡಿಮೆ. ಇದು ಸಹಜ. ಅನೇಕ ಹಳೆಯ ಮೂರು ಸಿಲಿಂಡರಿನ ಎಂಜಿನ್ನುಗಳಲ್ಲಿ ಕಾದ ಸ್ಥಿತಿಯಲ್ಲಿ, ಪೂರ್ಣ ವೇಗದಲ್ಲಿ, ಪ್ರತಿ ಚದರ ಸೆಂ.ಮೀ.ಗೆ 2ರಿಂದ 4 ಕಿಲೋಗ್ರಾಂ ಒತ್ತಡ ಸಾಮಾನ್ಯ. ಆಯಾ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ. ನಿಧಾನ ಓಟದಲ್ಲಿ ಇಳಿದ ಮುಳ್ಳು ವೇಗ ಕೊಟ್ಟೊಡನೆ ಏರಿದರೆ ಸವೆತ ಸಾಧಾರಣವಾದದ್ದು. ಸುಗ್ಗಿಯವರೆಗೆ ಎಚ್ಚರದಿಂದ ನಡೆಸಬಹುದು. ವೇಗ ಕೊಟ್ಟರೂ ಏರದಿದ್ದರೆ ಹೊರಗಿನ ಫಿಲ್ಟರು, ಒತ್ತಡ ಬಿಡುಗಡೆಯ ಕವಾಟ, ಅದರ ಸ್ಪ್ರಿಂಗು, ತೊಟ್ಟಿಯೊಳಗಿನ ಜರಡಿ, ಪಂಪು ಇವನ್ನು ಇದೇ ಕ್ರಮದಲ್ಲಿ ನೋಡಬೇಕು. ಇವೆಲ್ಲ ನಿರ್ದೋಷಿಗಳೆಂದು ತಿಳಿದ ಮೇಲಷ್ಟೇ ಬೇರಿಂಗುಗಳ ಸರದಿ. ತೊಟ್ಟಿ ಇಳಿಸಿದ ದಿನವೇ ಒಂದು ಬೇರಿಂಗಿನ ಮುಚ್ಚಳ ತೆಗೆದು, ಬಿಳಿಯ ಲೋಹ ಸವೆದು ತಾಮ್ರದ ಬಣ್ಣ ಕಾಣುತ್ತಿದೆಯೇ ಎಂಬುದನ್ನು ಮನೆಯವರು ಕಣ್ಣಾರೆ ನೋಡಬೇಕು.

ಮುಳ್ಳನ್ನು ಮೇಲೆತ್ತಲು ಅತಿ ದಪ್ಪದ ಎಣ್ಣೆ ಹಾಕುವ ರೂಢಿಯೊಂದಿದೆ. ಮುಳ್ಳು ಏರುವುದು ನಿಜ, ರೋಗ ಹೋಗದು. ಬೆಳಗಿನ ತಂಪಿನಲ್ಲಿ ಆ ಎಣ್ಣೆ ಬೇರಿಂಗಿಗೆ ತಲುಪಲು ತಡವಾಗಿ ಸವೆತ ಇನ್ನೂ ಹೆಚ್ಚುತ್ತದೆ. ಮಾರಾಟಕ್ಕೆ ನಿಂತ ಟ್ರಾಕ್ಟರಿನಲ್ಲಿ ಈ ಉಪಾಯ ನಡೆದಿರಬಹುದು. ಕೊಳ್ಳುವವರು ಎಂಜಿನ್ನನ್ನು ಅರ್ಧ ಗಂಟೆ ದುಡಿಸಿಯೇ ಮುಳ್ಳನ್ನು ನೋಡಬೇಕು.

ಸದ್ದು ಎಲ್ಲಿಯದು?

ಹಳೆಯ ಟ್ರಾಕ್ಟರುಗಳ ನೇರ ಹಲ್ಲಿನ ಗೇರುಗಳು ಹುಟ್ಟಿದಂದಿನಿಂದಲೂ ಹಾಡುತ್ತಲೇ ಇರುತ್ತವೆ. ಹಿಂದಿನಿಂದ ಬಂದ ಸದ್ದಿಗೆ ಹೆದರಬೇಕಾಗಿಲ್ಲ. ಹೊಸದಾಗಿ ಸೇರಿದ ಸದ್ದನ್ನು ಗುರುತಿಸಬೇಕು. ಇದಕ್ಕೆ ದಿನವೂ ಓಡಿಸುವವರ ಕಿವಿಯೇ ಮೇಲು.

ಟ್ರಾಕ್ಟರನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ನನ್ನು ನಿಧಾನವಾಗಿ ಓಡಿಸಿರಿ. ಕ್ಲಚ್ಚು ತುಳಿದೊಡನೆ ಸದ್ದು ನಿಂತರೆ ದೋಷ ಗೇರುಪೆಟ್ಟಿಗೆಯ ಮುಂಭಾಗದ ಬೇರಿಂಗಿನಲ್ಲಿ ಅಥವಾ ಸದಾ ತಿರುಗುವ ಕೆಳಗಿನ ದಂಡದಲ್ಲಿ. ತುಳಿದೊಡನೆ ಸದ್ದು ಹುಟ್ಟಿದರೆ ಕ್ಲಚ್ಚಿನ ಒತ್ತು ಬೇರಿಂಗಿನದು. ಎರಡು ಹಂತದ ಕ್ಲಚ್ಚಿದ್ದರೆ ಇನ್ನೂ ಅನುಕೂಲ: ಮೊದಲ ಹಂತದಲ್ಲಿ ನಿಲ್ಲುವ ಸದ್ದು ಗೇರಿನದು, ಪೂರ್ತಿ ತುಳಿದಾಗ ಮಾತ್ರ ನಿಲ್ಲುವ ಸದ್ದು ಪಿ.ಟಿ.ಒ. ದಂಡ ಮತ್ತು ಪಂಪಿನ ಕಡೆಯದು.

ಮುಂದೆ ಓಡಿಸಿ ನೋಡಿರಿ. ಒಂದೇ ಗೇರಿನಲ್ಲಿ ಸದ್ದಿದ್ದರೆ ಆ ಜೋಡಿಯ ಹಲ್ಲುಗಳು ಸವೆದಿವೆ. ‘ಲೋ’ದಲ್ಲಿ ಇದ್ದು ‘ಹೈ’ನಲ್ಲಿ ಇಲ್ಲದಿದ್ದರೆ ವೇಗ ತಗ್ಗಿಸುವ ಗೇರುಗಳ ಕಡೆ ನೋಡಬೇಕು. ನೆಟ್ಟಗೆ ಹೋಗುವಾಗ ಇಲ್ಲದ ಸದ್ದು ತಿರುವಿನಲ್ಲಿ ಬಂದರೆ ಡಿಫರೆನ್ಷಿಯಲ್ಲಿನದು. ಹಿಂಚಕ್ರದ ಪ್ರತಿ ಸುತ್ತಿಗೂ ಒಮ್ಮೆ ‘ಟಕ್’ ಎಂದರೆ ಮುರಿದ ಹಲ್ಲನ್ನು ಶಂಕಿಸಿ, ಅಂದೇ ಕೆಲಸ ನಿಲ್ಲಿಸಬೇಕು. ಸಡಿಲಗೊಂಡ ಚೂರು ಉಳಿದ ಗೇರುಗಳನ್ನೂ ಕಡಿಯುತ್ತದೆ.

ಇಷ್ಟರಲ್ಲೇ ತೀರ್ಮಾನಿಸುವಂತಿಲ್ಲ. 1946ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಹ್ಯಾರಿ ಫರ್ಗುಸನ್ನರ ಟಿ.ಇ. 20 ಟ್ರಾಕ್ಟರಿನಲ್ಲಿ ನೇಗಿಲೆತ್ತುವ ಹೈಡ್ರಾಲಿಕ್ ಪಂಪು ಗೇರುಗಳ ಮೈಯೊಳಗೇ, ಅದೇ ಎಣ್ಣೆಯಲ್ಲಿ ಮುಳುಗಿ ಕುಳಿತಿತ್ತು. ಆ ವಂಶದ ಮ್ಯಾಸಿ ಫರ್ಗುಸನ್ ಟ್ರಾಕ್ಟರುಗಳಲ್ಲಿಯೂ ಇದೇ ಪದ್ಧತಿ ಮುಂದುವರಿಯಿತು. 1960ರಲ್ಲಿ ಸ್ಥಾಪನೆಯಾದ ಚೆನ್ನೈಯ ಟಾಫೆ ಸಂಸ್ಥೆಯ ಮೂಲಕ ಅವು ನಮ್ಮ ಹೊಲಗಳಿಗೂ ಬಂದವು. ಇಂತಹ ಟ್ರಾಕ್ಟರಿನಲ್ಲಿ ಎಣ್ಣೆ ಕಡಿಮೆಯಾದರೆ ಅಥವಾ ಪಂಪಿನ ಜರಡಿ ಕಟ್ಟಿಕೊಂಡರೆ, ಹಸಿದ ಪಂಪು ಅರಚುವ ಸದ್ದು ಗೇರಿನ ಸದ್ದಿನಂತೆಯೇ ಕೇಳುತ್ತದೆ. ಭಾರದ ಸಲಕರಣೆಯನ್ನು ಮೇಲೆತ್ತಿ ನೋಡಿರಿ. ಎತ್ತುವಾಗ ಸದ್ದು ಹೆಚ್ಚಿದರೆ, ಪಿ.ಟಿ.ಒ. ಸನ್ನೆಯನ್ನು ಬಿಡಿಸಿ ಪಂಪು ನಿಂತೊಡನೆ ಸದ್ದೂ ನಿಂತರೆ, ಗೇರು ನಿರ್ದೋಷಿ. ಜರಡಿ ತೊಳೆದು ಎಣ್ಣೆ ಬದಲಿಸಿದರೆ ತೀರುವ ಕೆಲಸಕ್ಕೆ ಟ್ರಾಕ್ಟರನ್ನು ನಡುವೆ ಸೀಳಿದಂತಾಗಬಾರದು.

ಎಣ್ಣೆ ಹೇಳುವ ಸಾಕ್ಷಿ

1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟಮೂರ್ತಿಯಿಂದ ಹೆಸರಾದ ವೇಣೂರು ಫಲ್ಗುಣಿಯ ದಡದ ಊರು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಕೆಸರುಗದ್ದೆಯಲ್ಲಿ ದುಡಿದ ಟ್ರಾಕ್ಟರಿನ ಗೇರುಪೆಟ್ಟಿಗೆಗೆ ನೀರು ಸೇರುವುದು ಸುಲಭ. ಗೇರುಸನ್ನೆಯ ಹರಿದ ರಬ್ಬರು, ಪಿ.ಟಿ.ಒ. ದಂಡದ ಸವೆದ ಸೀಲು, ಉಸಿರುರಂಧ್ರ ಇವೇ ದಾರಿಗಳು. ಧಾರವಾಡ, ಹಾವೇರಿಗಳ ಎರೆಭೂಮಿಯಲ್ಲಿ ಇದೇ ದಾರಿಗಳಿಂದ ಒಳಸೇರುವುದು ಧೂಳು.

ಆದ್ದರಿಂದ ಬಿಚ್ಚುವ ಮೊದಲು ಗೇರೆಣ್ಣೆಯನ್ನು ಬಿಸಿಯಿರುವಾಗಲೇ ಶುಭ್ರವಾದ ಅಗಲ ಪಾತ್ರೆಗೆ ಇಳಿಸಿ, ಬಿಳಿಯ ಬಟ್ಟೆಯಲ್ಲಿ ಸೋಸಬೇಕು. ಬೂದುಬಣ್ಣದ ನಯವಾದ ಕೆಸರು ವಯಸ್ಸಿನ ಲಕ್ಷಣ. ಎಳ್ಳಿನ ಗಾತ್ರದ ಉಕ್ಕಿನ ಚೂರುಗಳು ಅಯಸ್ಕಾಂತಕ್ಕೆ ಅಂಟಿದರೆ ಹಲ್ಲು ಅಥವಾ ಬೇರಿಂಗು ಒಡೆಯುತ್ತಿದೆ. ಅಯಸ್ಕಾಂತಕ್ಕೆ ಅಂಟದ ಹೊಂಬಣ್ಣದ ಪುಡಿ ಹಿತ್ತಾಳೆ, ಕಂಚಿನ ಬುಷ್ಷುಗಳದು. ಕಾಫಿಯ ಬಣ್ಣ ಇಲ್ಲಿಯೂ ನೀರಿನದೇ. ನೀರು ಮಾತ್ರ ಕಂಡರೆ ಸೀಲು ಬದಲಿಸಿ, ಕೈಪಿಡಿ ಹೇಳಿದ ದರ್ಜೆಯ ಎಣ್ಣೆ ತುಂಬಿ, ಹತ್ತು ಗಂಟೆ ದುಡಿಸಿ ಮತ್ತೆ ಆಲಿಸಬೇಕು. ಇಳಿಸಿದ ಎಣ್ಣೆಯನ್ನು ತೋಡಿಗೆ, ಬಾವಿಯ ಬಳಿಗೆ ಚೆಲ್ಲಬಾರದು.

ಕ್ಲಚ್ಚಿನ ಮನೆಯ ತಳದ ರಂಧ್ರದಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅದನ್ನೂ ಗಮನಿಸಿರಿ. ಕಪ್ಪಾದ ತೆಳು ಎಣ್ಣೆ ಎಂಜಿನ್ನಿನ ಹಿಂದಿನ ಸೀಲಿನದು. ಹಳದಿ ಛಾಯೆಯ, ಘಾಟುವಾಸನೆಯ ದಪ್ಪ ಎಣ್ಣೆ ಗೇರಿನದು.

ಪರೀಕ್ಷೆಯ ಕಾಲದಲ್ಲಿ ಮಕ್ಕಳು ದೂರವಿರಲಿ. ಪಂಚೆ, ಸೆರಗು, ಹೆಗಲಿನ ವಸ್ತ್ರ ತಿರುಗುವ ದಂಡದ ಬಳಿ ಸುಳಿಯಬಾರದು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬಾರದು. ಮರದ ದಿಮ್ಮಿಯ ಆಧಾರ ಕೊಟ್ಟು, ಚಕ್ರಗಳಿಗೆ ಕಲ್ಲು ಇಟ್ಟಿರಬೇಕು.

ಈಗ ತೀರ್ಮಾನ

ವೇಣೂರಿನ ಬಂಧುಗಳು ಬಂಗಾರವನ್ನು ಪೆಟ್ಟಿಗೆಯಲ್ಲೇ ಇರಿಸಿ ಮೊದಲು ಮಾಪಕದ ಪರೀಕ್ಷೆ, ಎರಡೂ ಎಣ್ಣೆಗಳ ಪರೀಕ್ಷೆ, ಜರಡಿಯ ಶುದ್ಧಿ ಇವಿಷ್ಟನ್ನು ಮಾಡಿಸಲಿ. ಪರೀಕ್ಷೆಯ ಮಾಪಕದಲ್ಲಿಯೂ ಒತ್ತಡ ಏರದೆ, ಗೇರೆಣ್ಣೆಯಲ್ಲಿ ಉಕ್ಕಿನ ಚೂರುಗಳೂ ಸಿಕ್ಕರೆ ಮೇಸ್ತ್ರಿಯ ಮಾತೇ ಸರಿಯಾದೀತು. ಆಗ ದುರಸ್ತಿಯ ಲೆಕ್ಕದ ಜೊತೆಗೆ ಬಿಡಿಭಾಗಗಳ ಲಭ್ಯತೆಯನ್ನೂ ವಿಚಾರಿಸಬೇಕು. 1971ರಲ್ಲಿ ಆರಂಭವಾದ ಎಚ್.ಎಂ.ಟಿ. ಟ್ರಾಕ್ಟರು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ತಯಾರಿಕೆ ನಿಂತ ಮಾದರಿಗಳನ್ನು ಬಿಚ್ಚುವ ಮೊದಲು ಬೇಕಾದ ಭಾಗ ಕೈಗೆ ಸಿಗುವುದೇ ಎಂದು ತಿಳಿಯದಿದ್ದರೆ, ಟ್ರಾಕ್ಟರು ಕೊಟ್ಟಿಗೆಯಲ್ಲಿ ಎರಡು ತುಂಡಾಗಿಯೇ ಉಳಿದೀತು. ವರ್ಷಕ್ಕೆ ಕೆಲವೇ ದಿನದ ಉಳುಮೆಯಿರುವ ಮನೆಗೆ ಬಾಡಿಗೆಯ ಯಂತ್ರವೂ ಒಂದು ದಾರಿ.

ದುರಸ್ತಿಗೆ ಒಪ್ಪುವುದಾದರೆ ಬದಲಿಸಿದ ಹಳೆಯ ಭಾಗಗಳನ್ನು ಮನೆಗೆ ಕೊಡಬೇಕೆಂದು ಮೊದಲೇ ಹೇಳಿರಿ. ಮನೆಯ ಗೋಡೆಯ ಪಂಚಾಂಗದ ಪಕ್ಕದಲ್ಲಿ ಒಂದು ಪುಸ್ತಕ ತೂಗುಹಾಕಿ, ಎಣ್ಣೆ ಬದಲಿಸಿದ ದಿನ, ದುಡಿದ ಗಂಟೆ, ಕಾದಾಗಿನ ಒತ್ತಡ ಇವನ್ನು ಓದುವ ಮಕ್ಕಳ ಕೈಯಲ್ಲಿ ಬರೆಸಿರಿ. ಮುಂದಿನ ಮಳೆಗಾಲಕ್ಕೆ ಮೇಸ್ತ್ರಿಯ ಮುಂದೆ ಆ ಪುಸ್ತಕವನ್ನೇ ತೆರೆದಿಡಬಹುದು.