ಕೊಳಾಯಿಯ ಕೃಷ್ಣೆ, ಗಡ್ಡಿಯ ಕೃಷ್ಣೆ

ವಡಪಳನಿಯ ಕನ್ನಡ ಮನೆಗಳಲ್ಲಿ ನೀರಿನ ಮಾತು ಬಂದರೆ 2019ರ ಬೇಸಿಗೆ ನೆನಪಾಗದೆ ಇರದು. ಚೆನ್ನೈಗೆ ನೀರುಣಿಸುವ ಕೆರೆಗಳೆಲ್ಲ ಬತ್ತಿ, ಜನ ಬಿಂದಿಗೆ ಹಿಡಿದು ಲಾರಿಗೆ ಕಾದ ದಿನಗಳವು. ಅದೇ ವರ್ಷ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ಕೃಷ್ಣೆ ಉಕ್ಕಿ ಹರಿದಳು. ಸೆಪ್ಟೆಂಬರ್ ಕೊನೆಗೆ ಕೃಷ್ಣಾ ನೀರು ಕಂಡಲೇರಿನಿಂದ ಕಾಲುವೆ ಹಿಡಿದು ಪೂಂಡಿಯತ್ತ ಬಂದಾಗ ಇಲ್ಲಿನವರು ನಿಟ್ಟುಸಿರು ಬಿಟ್ಟರು. ಆ ನದಿ ಮೇಲುಗಡೆ ಯಾರ ಬಾಗಿಲ ಮುಂದೆ ಹರಿಯುತ್ತದೆ ಎಂದು ಕೇಳಿದವರು ಕಡಿಮೆ.

ಚೆನ್ನೈಗಾಗಿ ಮಹಾರಾಷ್ಟ್ರ, ಕರ್ನಾಟಕ ಮತ್ತು ಆಂಧ್ರ ತಲಾ 5 ಟಿಎಂಸಿ ಕೃಷ್ಣಾ ನೀರು ಬಿಟ್ಟುಕೊಡಲು 1976ರಲ್ಲಿ ಒಪ್ಪಿದವು. 1983ರ ಒಪ್ಪಂದದಂತೆ, ಆವಿಯಾಗುವ 3 ಟಿಎಂಸಿ ಕಳೆದು ವರ್ಷಕ್ಕೆ 12 ಟಿಎಂಸಿ ತಮಿಳುನಾಡಿನ ಗಡಿ ತಲುಪಬೇಕು. ಮೊದಲ ನೀರು ಬಂದದ್ದು 1996ರಲ್ಲಿ. ಪೂರ್ತಿ ಪಾಲು ಬರುವುದು ಅಪರೂಪವಾದರೂ ಈ ಊರಿನ ನೀರಿನಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಅದೇ ಕೃಷ್ಣೆಯ ನಡುವೆ, ನಾರಾಯಣಪುರದ ಬಸವಸಾಗರ ಜಲಾಶಯದ ಕೆಳಗೆ, ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ, ಲಿಂಗಸುಗೂರು ಕಡೆಯ ಕರಕಲಗಡ್ಡಿಯಂಥ ನಡುಗಡ್ಡೆಗಳಿವೆ. ಹೊಲ, ಆಡು, ಕುರಿಗಳೇ ಅಲ್ಲಿನವರ ಬದುಕು. ಹೊಳೆ ತಂದ ಮಣ್ಣಿನಲ್ಲಿ ಬಿತ್ತಿ, ಮಳೆಗಾಲಕ್ಕೆ ಮುಂಚೆ ಕಾಳುಕಡಿ ಕೂಡಿಟ್ಟು, ಹರಿಗೋಲು ನಡೆಸಿ ಬಾಳುವ ವಿದ್ಯೆ ಅವರಿಗೆ ಹಿರಿಯರಿಂದ ಬಂದದ್ದು.

ಆದರೆ ಆ ವಿದ್ಯೆಯೊಂದೇ ಈಗ ಸಾಲದು. ಮೋಡ ನೋಡಿ ಹೊಳೆಯ ಏರಿಳಿತ ಹೇಳುತ್ತಿದ್ದ ಕಾಲ ಹೋಯಿತು. ದೂರದ ಮಹಾರಾಷ್ಟ್ರದಲ್ಲಿ ಮಳೆ ಸುರಿದು ಜಲಾಶಯದ ಗೇಟು ತೆರೆದರೆ, ಗಡ್ಡಿಯಲ್ಲಿ ಬಿಸಿಲಿದ್ದರೂ ದಾರಿ ಮುಳುಗುತ್ತದೆ. 2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಹೊಳೆ ಈಜಿ ದಡ ಸೇರಬೇಕಾಯಿತು. ಸಾಹಸವೆಂದು ದೇಶವೇ ಹೊಗಳಿತು. ಹೆರಿಗೆಗೆ ಹೋಗಲು ಸಾಹಸ ಮಾಡಬೇಕಾಗಿ ಬಂದದ್ದು ಹೊಗಳಿಕೆಯ ಮಾತಲ್ಲ, ನಾಚಿಕೆಯ ಮಾತು.

ಗಡ್ಡಿ ಬಿಟ್ಟು ಬರಬಾರದೇ ಎನ್ನುವುದು ಸುಲಭ. ದಡದಲ್ಲಿ ಮನೆ ಕೊಟ್ಟರೆ ಸಾಲದು. ಹೊಲವೂ ಕುರಿ ಮೇಯುವ ಜಾಗವೂ ಬೇಕು. ಅಲ್ಲೇ ಇರುವವರಿಗೆ ಪ್ರವಾಹದಲ್ಲೂ ಮುಳುಗದ ಸೇತುವೆ, ಗೇಟು ತೆರೆಯುವ ಮುನ್ನ ಮನೆಮನೆಗೆ ಮುಟ್ಟುವ ಎಚ್ಚರಿಕೆ, ಗರ್ಭಿಣಿಯರನ್ನು ಮೊದಲೇ ಕರೆತರುವ ಏರ್ಪಾಡು ಬೇಕು.

ಚೆನ್ನೈಗೆ ಇದು ಪರರ ಕಷ್ಟವಲ್ಲ. 2015ರ ಡಿಸೆಂಬರ್‌ನಲ್ಲಿ ಚೆಂಬರಂಬಾಕ್ಕಂ ಕೆರೆಯ ನೀರು ಅಡ್ಯಾರಿಗೆ ಬಿಟ್ಟಾಗ ವಡಪಳನಿಗೆ ಹತ್ತಿರದ ಜಾಫರ್‌ಖಾನ್‌ಪೇಟೆ ನೀರಿನಲ್ಲಿ ನಿಂತಿತ್ತು. ನಗರದವರು ಕೆಲವು ದಿನ ಉಂಡ ಕಷ್ಟವನ್ನು ಗಡ್ಡಿಯವರು ಮತ್ತೆ ಮತ್ತೆ ಉಣ್ಣುತ್ತಾರೆ.

ರಾಜ್ಯೋತ್ಸವದಂದು ನಾಡು ನುಡಿಯ ಹಿರಿಮೆ ಹಾಡುವ ಕನ್ನಡ ಸಂಘಗಳು ಈ ಗಡ್ಡಿಗಳನ್ನೂ ನೆನೆಯಲಿ. ಒಂದು ಮನವಿ ಕರ್ನಾಟಕ ಸರ್ಕಾರಕ್ಕೆ ಹೋಗಲಿ. ಗಡ್ಡಿಯ ಮಕ್ಕಳ ಓದಿಗೆ ಒಂದಿಷ್ಟು ನೆರವು ಹೋಗಲಿ. ಕುಡಿದ ನೀರಿನ ಋಣ ದೊಡ್ಡದು.